ಇನ್‌ಹೇಲರ್ ಚೀಲವೂ ಒಂದು ಪಾಠವಾಗಲಿ

ನಮ್ಮ ಪ್ರಶಿಕ್ಷಣಾರ್ಥಿಗಳು ಬೋಧನಾಭ್ಯಾಸದಲ್ಲಿ ಕಾರ್ಯಾನುಭವದ ಅವಧಿ ಬಂದೊಡನೆ ಬಣ್ಣದ ಕಾಗದದ ಹೂ, ಐಸ್‌ಕ್ರೀಮ್ ಕಡ್ಡಿಯ ಮನೆ ಮಾಡಿಸುತ್ತಾರೆ. ಪ್ರದರ್ಶನ ಮುಗಿದ ಮೇಲೆ ಅವು ಕಸದ ಬುಟ್ಟಿ ಸೇರುತ್ತವೆ. ಅದೇ ಅವಧಿಯಲ್ಲಿ ಮಗುವಿನ ಉಸಿರಿಗೆ ನೆರವಾಗುವ ಒಂದು ವಸ್ತುವನ್ನು ಮಾಡಿಸಬಹುದು ಎಂಬುದು ನನ್ನ ಅಭಿಪ್ರಾಯ. ಅದು ಅಸ್ತಮಾ ಇನ್‌ಹೇಲರ್ ಇಟ್ಟುಕೊಳ್ಳುವ ತೊಗಲಿನ ಚೀಲ.

ಮಸಗುಪ್ಪಿಯ ಸುತ್ತಲಿನ ಘಟಪ್ರಭಾ ಸೀಮೆ ಕಬ್ಬಿನ ಸೀಮೆ. ಕಟಾವಿನ ಕಾಲಕ್ಕೆ ರವದಿ ಸುಟ್ಟ ಹೊಗೆ, ರಸ್ತೆಯ ಧೂಳು; ಶಾಲೆಯೊಳಗೆ ಸೀಮೆಸುಣ್ಣದ ಪುಡಿ. ದಮ್ಮು ಇರುವ ಮಗುವಿಗೆ ಇವೆಲ್ಲ ಕಂಟಕವೇ. 1956ರಲ್ಲಿ ಬಳಕೆಗೆ ಬಂದ ಅಳತೆಯ ಇನ್‌ಹೇಲರಿನ ದೊಡ್ಡ ಗುಣ, ಅದು ಜೇಬಿನಲ್ಲಿ ಹಿಡಿಸುತ್ತದೆ ಎಂಬುದು. ಆದರೆ ನಾನು ಪಾಠ ವೀಕ್ಷಣೆಗೆ ಹೋದ ಒಂದು ಶಾಲೆಯಲ್ಲಿ ಅದು ಬೀರುವಿನಲ್ಲಿತ್ತು. ಬೀಗದ ಕೈ ರಜೆಯಲ್ಲಿದ್ದವರ ಬಳಿ ಇತ್ತು. ತುರ್ತಿನ ಔಷಧಿ ಮಗುವಿನ ಮೈಮೇಲೆಯೇ ಇರಬೇಕು.

ಚೀಲ ಹೊಲಿಯುವುದರಲ್ಲಿ ಗಣಿತವೂ ಇದೆ. ಇನ್‌ಹೇಲರಿನ ಸುತ್ತಳತೆಯನ್ನು ದಾರದಿಂದ ಅಳೆಯಬೇಕು. 12 ಸೆಂ.ಮೀ. ಬಂದರೆ ಒಂದೊಂದು ತುಂಡಿಗೆ 6 ಸೆಂ.ಮೀ.; ಎರಡು ಅಂಚಿನ ಹೊಲಿಗೆಗೆ 5 ಮಿ.ಮೀ.ನಂತೆ 1 ಸೆಂ.ಮೀ.; ತೊಗಲಿನ ದಪ್ಪಕ್ಕೂ ಸಡಿಲಿಕೆಗೂ ಇನ್ನೊಂದು; ಒಟ್ಟು 8. ಮೊದಲು ಕಾಗದದಲ್ಲಿ ಕತ್ತರಿಸಿ ನೋಡಿ, ಆಮೇಲೆ ತೊಗಲಿಗೆ ಕೈ ಹಚ್ಚಬೇಕು. ಆರಿಯಿಂದ ತೂತು ಹಾಕುವುದು ದೊಡ್ಡವರ ಕೆಲಸ; ಎರಡು ಸೂಜಿಯ ಹೊಲಿಗೆ ಮಕ್ಕಳದು. ಅಂಟು ಬೇಡ, ಅದರ ಘಾಟು ದಮ್ಮನ್ನೇ ಕೆರಳಿಸಬಹುದು. ಹೊಸ ತೊಗಲನ್ನು ಕೆಲವು ದಿನ ಗಾಳಿಗೆ ಒಡ್ಡಿ ಬಳಸಬೇಕು.

ವಿಜ್ಞಾನದ ಪಾಠವೂ ಇಲ್ಲೇ ಇದೆ. ಡಬ್ಬಿಯೊಳಗೆ ಒತ್ತಡದಲ್ಲಿರುವ ದ್ರವ ಇರುವುದರಿಂದ ಅದನ್ನು ಚುಚ್ಚಬಾರದು, ಬಿಸಿಲಲ್ಲಿ ಇಡಬಾರದು. ಇನ್‌ಹೇಲರಿನ ಮುಚ್ಚಳ ಹಾಕಿಯೇ ಚೀಲಕ್ಕೆ ಇಳಿಸಬೇಕು. ಇಲ್ಲವಾದರೆ ಧೂಳು ಬಾಯಿಗೆ ಹೋದೀತು. ತೊಳೆದ ಪ್ಲಾಸ್ಟಿಕ್ ಭಾಗ ಪೂರ್ತಿ ಒಣಗಿರಬೇಕು. ಚೀಲದ ಬಾಯಿ ಒಂದೇ ಕೈಯಲ್ಲಿ ತೆರೆಯುವಂತಿರಲಿ. ಕೊರಳಿಗೆ ತೂಗುಹಾಕುವುದಕ್ಕಿಂತ ಸೊಂಟದ ಪಟ್ಟಿಗೆ ಸಿಕ್ಕಿಸುವುದು ಆಟದ ಹೊತ್ತಿನಲ್ಲಿ ಸುರಕ್ಷಿತ.

ಇದನ್ನು ಕಲಿಸುವವರು ಯಾರು? ಗುರುಗಳು ನಮ್ಮ ಜಿಲ್ಲೆಯಲ್ಲೇ ಇದ್ದಾರೆ. ಅಥಣಿಯ ಸುತ್ತ ಚಪ್ಪಲಿ ಮಾಡುವ ಕುಟುಂಬಗಳಿವೆ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಸಿಕ್ಕ ಭೌಗೋಳಿಕ ಸೂಚಿಕೆಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಸೇರಿವೆ. ಜಾಲಿ ತೊಗಟೆ, ಅಳಲೆಕಾಯಿಯಿಂದ ಹದ ಮಾಡಿದ ತೊಗಲು ಅವರದು. ಸಮಗಾರ ಹರಳಯ್ಯನವರ ಕಾಯಕವನ್ನು ನಾವು ವೇದಿಕೆಯ ಮೇಲೆ ಹೊಗಳುತ್ತೇವೆ. ಅದೇ ಕಾಯಕದವರನ್ನು ಸಂಪನ್ಮೂಲ ವ್ಯಕ್ತಿಯೆಂದು ತರಗತಿಗೆ ಕರೆದು, ಕುರ್ಚಿ ಕೊಟ್ಟು, ಗೌರವಧನ ಕೊಡುವುದು ಅಪರೂಪ. ತೊಗಲಿನ ಕೆಲಸದ ಬಗ್ಗೆ ಇರುವ ಕೀಳುಭಾವ, ದಮ್ಮಿನ ಬಗ್ಗೆ ಇರುವ ನಾಚಿಕೆ, ಎರಡನ್ನೂ ಮಕ್ಕಳು ನಮ್ಮಿಂದಲೇ ಕಲಿತಿದ್ದಾರೆ. ಬಿಡಿಸಬೇಕಾದವರೂ ನಾವೇ.

ಕೆಲವರು ಕೇಳಬಹುದು: ಉಳಿದ ಮಕ್ಕಳು ಔಷಧಿಯೊಡನೆ ಆಟವಾಡಿದರೆ? ಅದಕ್ಕೆ ಉತ್ತರ ಬೀಗವಲ್ಲ, ತಿಳಿವಳಿಕೆ. ತಾವೇ ಹೊಲಿದ ಚೀಲದೊಳಗೆ ಏನಿದೆ, ಏಕಿದೆ ಎಂದು ತಿಳಿದ ತರಗತಿ ಗೆಳೆಯನಿಗೆ ಉಸಿರು ಕಟ್ಟಿದಾಗ ಶಿಕ್ಷಕರನ್ನು ಕೂಗುತ್ತದೆ. ತೊಗಲು ಒಲ್ಲದ ಮನೆಯವರಿಗೆ ದಪ್ಪ ಬಟ್ಟೆಯ ಚೀಲವಾದೀತು. ಯಾವ ಔಷಧಿ, ಎಷ್ಟು ಎಂಬುದು ಮಾತ್ರ ವೈದ್ಯರಿಗೂ ಪಾಲಕರಿಗೂ ಬಿಟ್ಟದ್ದು. ಅದನ್ನು ಬರೆದ ಚೀಟಿಯೊಂದು ಚೀಲದಲ್ಲಿರಲಿ.

ಹೀಗಾಗಿ ಎರಡು ಸಲಹೆ. ಪ್ರಶಿಕ್ಷಣಾರ್ಥಿಗಳು ಶಾಲೆಗೆ ಹೋದ ಮೊದಲ ವಾರದಲ್ಲೇ ಯಾವ ಮಗುವಿಗೆ ದಮ್ಮಿದೆ, ಅದರ ಔಷಧಿ ಎಲ್ಲಿದೆ ಎಂದು ತಿಳಿದುಕೊಳ್ಳಲಿ. ಮೇಲ್ವಿಚಾರಕರಾದ ನಾವು ಪಾಠ ಟಿಪ್ಪಣಿಗೆ ಸಹಿ ಹಾಕುವ ಮುನ್ನ ಅದನ್ನೂ ಕೇಳೋಣ.