ಮಲೇರಿಯಾ ಬಸ್ಸು ಹತ್ತಿದಾಗ

ಮಕ್ಕಳೇ, ಮಲೇರಿಯಾ ಸೊಳ್ಳೆ ಎಷ್ಟು ದೂರ ಹಾರೀತು? ಸಾಮಾನ್ಯವಾಗಿ ಕೆಲವೇ ಕಿಲೋಮೀಟರ್. ಆದರೂ ಮಲೇರಿಯಾ ನೂರಾರು ಕಿಲೋಮೀಟರ್ ದಾಟುತ್ತದೆ. ಹೇಗೆ? ನಮ್ಮ ರಕ್ತದೊಳಗೆ ಕುಳಿತು, ನಮ್ಮ ಜೊತೆಗೇ ಬಸ್ಸಿನಲ್ಲಿ!

ಆಫ್ರಿಕಾದ ಕೀನ್ಯಾದಲ್ಲಿ ಈ ಪ್ರಯಾಣದ ಲೆಕ್ಕ ತೆಗೆದರು. 2008–09ರಲ್ಲಿ ಸುಮಾರು 1.5 ಕೋಟಿ ಮೊಬೈಲುಗಳು ಯಾವ ಟವರಿನಿಂದ ಯಾವ ಟವರಿಗೆ ಸರಿದವು ಎಂದು ನೋಡಿದರು. ಫೋನು ಯಾರದೆಂದು ತಿಳಿಯದಂತೆ ಗುರುತು ಮರೆಮಾಡಿದ್ದರು. ಗಿರಾಕಿಯ ಖಾತೆಯ ಗುಟ್ಟು ಕಾಯುತ್ತಿದ್ದ ನನ್ನಂಥ ಬ್ಯಾಂಕಿನವನಿಗೆ ಇದು ಬಹಳ ಹಿಡಿಸಿತು.

ನಾವು ಲೆಡ್ಜರಿನಲ್ಲಿ ಹಣ ಬಂದದ್ದು ಹೋದದ್ದು ಬರೆದಂತೆ, ಇದು ಜನರು ಬಂದು ಹೋದ ಲೆಕ್ಕ. ಎಲ್ಲೆಲ್ಲಿ ಮಲೇರಿಯಾ ಎಷ್ಟಿದೆ ಎಂಬ ನಕ್ಷೆಯನ್ನು ಇದಕ್ಕೆ ಜೋಡಿಸಿ, ರೋಗ ಹೇಗೆ ಸಾಗೀತೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದರು. ಉತ್ತರ 2012ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ರಾಜಧಾನಿ ನೈರೋಬಿ ಎತ್ತರದ ತಂಪು ಊರು, ಅಲ್ಲಿ ಮಲೇರಿಯಾ ಹರಡುವುದು ಕಡಿಮೆ. ವಿಕ್ಟೋರಿಯಾ ಸರೋವರದ ಕಡೆಯಿಂದ ಬಂದವರು, ಅಲ್ಲಿಗೆ ಹೋಗಿ ಮರಳಿದವರು ಅದನ್ನು ತಿಳಿಯದೆಯೇ ಹೊತ್ತು ತರುತ್ತಿದ್ದರು.

ಅಂದಮೇಲೆ ನೈರೋಬಿಯಲ್ಲಿ ಮಾತ್ರ ಔಷಧಿ ಹೊಡೆದರೆ ಸಾಲದು. ಸರೋವರದ ಊರುಗಳಿಗೆ ಸೊಳ್ಳೆಪರದೆ, ಮಾತ್ರೆ ಮೊದಲು ತಲುಪಬೇಕು. ಒಂದು ಕೊರತೆಯೂ ಇದೆ: ಫೋನಿಲ್ಲದ ಬಡವರು, ನಿಮ್ಮಂಥ ಮಕ್ಕಳು ಈ ಲೆಕ್ಕಕ್ಕೆ ಸಿಗುವುದಿಲ್ಲ.

ಪ್ರಯಾಣಿಕರನ್ನು ದೂರಬೇಡಿ, ನೆಂಟರ ಮನೆಗೆ ಹೋಗುವುದು ತಪ್ಪಲ್ಲ. ಅಜ್ಜ-ಅಜ್ಜಿಯರೇ, ಊರಿಂದ ಬಂದ ಮೇಲೆ ಮೊಮ್ಮಕ್ಕಳಿಗೆ ಚಳಿಜ್ವರ ಬಂದರೆ, ಎಲ್ಲಿಗೆ ಹೋಗಿದ್ದರೆಂದು ಡಾಕ್ಟರಿಗೆ ಮೊದಲೇ ಹೇಳಿ.