ಅಂಗಳದ ತುಂಬೆಯನ್ನು ಕೀಳುವ ಭಕ್ತರಿಗೆ

ಕಳೆದ ಶಿವರಾತ್ರಿಯಂದು ನಮ್ಮನ್ನು ಬರಮಾಡಿಕೊಂಡ ಗೃಹಸ್ಥರೊಬ್ಬರು ಪೇಟೆಯಿಂದ ಪ್ಲಾಸ್ಟಿಕ್ ಚೀಲದಲ್ಲಿ ತಂದ ಬಾಡಿದ ತುಂಬೆಯನ್ನು ಪೂಜೆಯ ತಟ್ಟೆಯಲ್ಲಿರಿಸಿದರು. ತಮ್ಮ ಅಂಗಳದಲ್ಲಿ ತಾನಾಗಿ ಎದ್ದಿದ್ದ ತುಂಬೆಯನ್ನು ಅವರು ಕಾರ್ತಿಕದಲ್ಲಿ ಆಳಿಟ್ಟು ಕೀಳಿಸಿ, ಉಳಿದುದಕ್ಕೆ ಕಳೆನಾಶಕ ಸಿಂಪಡಿಸಿದ್ದ ಸಂಗತಿ ಮಾತಿನ ನಡುವೆ ತಿಳಿಯಿತು. ಕಿತ್ತೊಗೆದುದನ್ನೇ ಕಾಸು ಕೊಟ್ಟು ತರುವ ಈ ವಿಪರ್ಯಾಸ ಅವರೊಬ್ಬರದಲ್ಲ, ನಿಮ್ಮಲ್ಲಿ ಬಹುಮಂದಿಯದು.

ಹೊಲದ ಬೆಳೆಯ ನಡುವೆ ರೈತನಿಗೆ ತುಂಬೆ ಕಳೆಯಾದೀತು. ಅಂಗಳದಲ್ಲಿ ಅದನ್ನು ಕಳೆಯೆಂದವರು ಯಾರು? ಅದು ತುಳಸಿಯ ಕುಟುಂಬಕ್ಕೇ ಸೇರಿದ, ಈ ನೆಲದ್ದೇ ಆದ ಗಿಡ; ಗೇಣಿನಿಂದ ಮೊಣಕಾಲಿನವರೆಗೆ ಬೆಳೆಯುವುದು. ಗೆಣ್ಣುಗೆಣ್ಣಿಗೆ ಸುತ್ತುಗಟ್ಟಿದ ಹಸಿರು ಚೆಂಡುಗಳಿಂದ ಇಣುಕುವ ಬಿಳಿಯ ಹೂವಿಗೆ ಜೇನ್ನೊಣಗಳೂ ಸಣ್ಣ ಚಿಟ್ಟೆಗಳೂ ಬರುವುವು. ನಿಜವಾದ ಕಳೆ ಪಾರ್ಥೇನಿಯಂ. ಅಮೆರಿಕ ಖಂಡದಿಂದ ಬಂದ ಅದು 1955ರ ಸುಮಾರಿಗೆ ಪುಣೆಯಲ್ಲಿ ಗುರುತಿಸಲ್ಪಟ್ಟು, ಬಳಿಕ ನಮ್ಮ ಹೊಲ ಬದುಗಳನ್ನೂ ರಸ್ತೆಬದಿಯನ್ನೂ ಆಕ್ರಮಿಸಿತು. ಬೀದಿಯಲ್ಲಿ ಅದನ್ನು ಸಹಿಸುವವರು ಅಂಗಳದ ತುಂಬೆಯನ್ನು ಸಹಿಸಲಾರರು! ಅವರಿಗೆ ಹುಲ್ಲುಹಾಸು ಬೇಕು; ಬರಗಾಲದಲ್ಲಿಯೂ ಆ ಹಾಸಿಗೆ ನೀರು ಬೇಕು.

ಲಿಂಗನಿಷ್ಠನಿಗೆ ಭಾವಪುಷ್ಪವೇ ಸಾಲದೇ, ಹೂವಿನ ಗೊಡವೆ ಏಕೆ ಎಂದು ವಿದ್ಯಾವಂತರು ಕೇಳುವುದುಂಟು. ಒಪ್ಪಿದೆವು. ಆದರೆ ಹಾಗೆ ಕೇಳುವವರ ಪೂಜಾಕೋಣೆಯಲ್ಲಿ ಗುಲಾಬಿಯ ಹಾರಕ್ಕೆ ಕೊರತೆಯಿರುವುದಿಲ್ಲ. ಹೂವನ್ನು ಏರಿಸುವುದೇ ಆದಲ್ಲಿ ತಾನು ಬೆಳೆಸಿದುದನ್ನು ತನ್ನ ಕೈಯಿಂದ ಬಿಡಿಸಿ ತರುವುದರಲ್ಲಿ ಕಾಯಕವಿದೆ. ಕೊಂಡು ತಂದ ಹಾರದಲ್ಲಿ ಬೆಲೆಯಷ್ಟೇ ಇದೆ. ಹೂಗಾರರನ್ನು ನಾವು ಹಳಿಯುತ್ತಿಲ್ಲ. ಬಯಲನ್ನೆಲ್ಲ ನಿವೇಶನ ಮಾಡಿದ ಮೇಲೆ ಅವರಾದರೂ ತುಂಬೆಯನ್ನು ಎಲ್ಲಿಂದ ತರಬೇಕು?

ಬೆಳೆಸಲು ಬಿಡುವಿಲ್ಲವೆಂಬುದು ಸೋಮಾರಿಗಳ ಮಾತು. ಒಣಗಿದ ಚೆಂಡುಗಳನ್ನು ಅಂಗೈಯಲ್ಲಿ ತಿಕ್ಕಿದರೆ ಸಣ್ಣ ಬೀಜಗಳು ಉದುರುವುವು. ಬಿಸಿಲು ಬೀಳುವ ಕಡೆ ಮುಂಗಾರಿನ ಮೊದಲ ಹದಕ್ಕೆ ಮಣ್ಣನ್ನು ತುಸು ಕೆದಕಿ ಮೇಲೆಯೇ ಚೆಲ್ಲಿರಿ, ಆಳಕ್ಕೆ ಹೂಳಬೇಡಿರಿ. ಗೊಬ್ಬರದ ಹಂಗಿಲ್ಲ, ನೀರು ಮಾತ್ರ ನಿಲ್ಲಕೂಡದು. ಶಿವರಾತ್ರಿಗೆ ಹೂವು ಬೇಕೆಂದರೆ ಒಂದು ಹಿಡಿ ಬೀಜವನ್ನು ಹಿಂಗಾರಿನಲ್ಲಿ ಚೆಲ್ಲಿ, ಮಳೆ ನಿಂತ ಮೇಲೆ ಆಗಾಗ ನೀರುಣಿಸಬೇಕು. ಗಿಡ ಒಣಗಿ ಕಂದಿತೆಂದು ಅಸಹ್ಯಪಟ್ಟು ಕೀಳಬೇಡಿರಿ. ಬೀಜ ಉದುರುವವರೆಗೆ ತಾಳಿರಿ. ಹಾಗೆ ತಾಳಿದವರ ಅಂಗಳದಲ್ಲಿ ಮರುವರ್ಷ ಅದು ತಾನಾಗಿಯೇ ಏಳುವುದು. ಅಂಗಳಕ್ಕೆಲ್ಲ ಸಿಮೆಂಟು ಬಳಿದವರಿಗೆ ಒಡೆದ ಕುಂಡವೂ ಸಾಕು. ಮಠದ ಹಿತ್ತಿಲಲ್ಲಿ ಬೀಜ ಬಲಿತಿದೆ. ಬೇಕಾದವರು ಬಂದು ಒಯ್ಯಬಹುದು.