ನಡುರಾತ್ರಿ ನಿಂತುಹೋದ ಲೆಕ್ಕ

ಅಜ್ಜಿಯ ಪಿಂಚಣಿ ಬ್ಯಾಂಕಿನ ಬಾಗಿಲು ತೆಗೆಯುವ ಮೊದಲೇ ಖಾತೆಗೆ ಬಂದು ಕೂತಿರುತ್ತದಲ್ಲ ಮಕ್ಕಳೇ, ಅದನ್ನು ಯಾವಾಗ ಬರೆದರು? ರಾತ್ರಿ, ನೀವೆಲ್ಲ ಮಲಗಿರುವಾಗ. ಲೋಕದ ದೊಡ್ಡ ಬ್ಯಾಂಕುಗಳಲ್ಲಿ ಈ ಕೆಲಸ ಮಾಡುವುದು ಮೇನ್‌ಫ್ರೇಮ್ ಎಂಬ ಭಾರಿ ಕಂಪ್ಯೂಟರು. ಲಕ್ಷಾಂತರ ಖಾತೆಗಳನ್ನು ಸಾಲಾಗಿ ತೆಗೆದು, ಯಾರೂ ಮುಂದೆ ಕೂರದೆಯೇ ಲೆಕ್ಕ ಮುಗಿಸುತ್ತದೆ. ನಮ್ಮಲ್ಲಿ ಯಂತ್ರ ಬೇರೆ ಇರಬಹುದು, ರಾತ್ರಿ ಕೆಲಸದ ರೀತಿ ಅದೇ.

ನಮ್ಮ ಕೆ. ಹೊಸಕೋಟೆ ಕಡೆ ಕಾಫಿ ಹಣ್ಣಿನ ಜೊತೆ ಒಂದು ಕಲ್ಲು ಹೋದರೆ ಪಲ್ಪರ್ ಗಕ್ಕನೆ ನಿಲ್ಲುತ್ತದೆ. ಈ ಕೆಲಸವೂ ಹಾಗೆ ನಡುವೆ ನಿಲ್ಲುವುದುಂಟು. ಅದಕ್ಕೆ 'ಅಬೆಂಡ್' ಎನ್ನುತ್ತಾರೆ. (ಜರ್ಮನ್ ಭಾಷೆಯಲ್ಲಿ ಅಬೆಂಡ್ ಎಂದರೆ ಸಂಜೆ. ದುರಸ್ತಿಯವರಿಗೆ ಮಾತ್ರ ಅದು ಜಾಗರಣೆ!)

ನಿಂತ ಯಂತ್ರ ಸುಮ್ಮನಿರುವುದಿಲ್ಲ, ಒಂದು ಗುರುತು ಬಿಟ್ಟಿರುತ್ತದೆ. ಐಬಿಎಂ ಯಂತ್ರದಲ್ಲಿ ಎಸ್806 ಎಂದರೆ ಕರೆದ ಪ್ರೋಗ್ರಾಂ ಸಿಗಲಿಲ್ಲ. ಎಸ್322 ಎಂದರೆ ಕೊಟ್ಟ ಸಮಯ ಮೀರಿತು. ಎಸ್222 ಎಂದರೆ ಯಾರೋ ಮನುಷ್ಯರೇ ನಿಲ್ಲಿಸಿದ್ದಾರೆ. ಎಲ್ಲಕ್ಕಿಂತ ಪ್ರಸಿದ್ಧವಾದದ್ದು ಎಸ್0ಸಿ7. ಅಂಕಿ ಇರಬೇಕಾದ ಜಾಗದಲ್ಲಿ ಅಂಕಿ ಇಲ್ಲ ಎಂದರ್ಥ. ಬಹಳ ಸಲ ಅಲ್ಲಿ ಇರುವುದು ಬರೀ ಖಾಲಿ ಜಾಗ! ನಾವು ಖಾಲಿಯನ್ನು ಸೊನ್ನೆ ಎಂದುಕೊಂಡು ಮುಂದೆ ಹೋಗುತ್ತೇವೆ, ಯಂತ್ರಕ್ಕೆ ಆ ಧಾರಾಳತನ ಇಲ್ಲ. ಒಳ್ಳೆಯದೇ ಆಯಿತು ಎನ್ನಿ. ತಪ್ಪು ಬಡ್ಡಿ ಹಾಕುವುದಕ್ಕಿಂತ ನಿಲ್ಲುವುದು ಮೇಲು.

ಕಲ್ಲು ಸಿಕ್ಕಿತು, ತೆಗೆದಾಯಿತು. ಈಗ ಮೊದಲಿನಿಂದ ಓಡಿಸಿಬಿಡೋಣವೇ? ಸ್ವಲ್ಪ ತಾಳಿ. ನೂರು ಖಾತೆಯಲ್ಲಿ ಅರವತ್ತಕ್ಕೆ ಬಡ್ಡಿ ಬಿದ್ದ ಮೇಲೆ ನಿಂತಿದ್ದರೆ, ಆ ಅರವತ್ತು ಮಂದಿಗೆ ಎರಡು ಸಲ ಬಡ್ಡಿ! ಅದಕ್ಕೇ ನಡುನಡುವೆ 'ಇಲ್ಲಿಯವರೆಗೆ ಆಯಿತು' ಎಂದು ಯಂತ್ರದಿಂದಲೇ ಗುರುತು ಹಾಕಿಸಿ, ಅಲ್ಲಿಂದ ಮುಂದಕ್ಕೆ ಓಡಿಸುತ್ತಾರೆ. ಇಲ್ಲವೇ ಸಂಜೆಯ ಪ್ರತಿಯನ್ನು ಮರಳಿ ತಂದು ಹೊಸದಾಗಿ ಶುರುಮಾಡುತ್ತಾರೆ. ನಾವು ಗುಮಾಸ್ತರು ಲೆಡ್ಜರಿನಲ್ಲಿ ಕೆಂಪು ಪೆನ್ಸಿಲಿನಿಂದ ಟಿಕ್ ಹಾಕುತ್ತಿದ್ದದ್ದೂ ಇದಕ್ಕೇ.

2012ರ ಜೂನ್‌ನಲ್ಲಿ ಬ್ರಿಟನ್ನಿನ ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ಸಮೂಹದಲ್ಲಿ ಈ ರಾತ್ರಿ ಕೆಲಸಗಳನ್ನು ಸರದಿಯಲ್ಲಿ ನಡೆಸುವ ತಂತ್ರಾಂಶವೇ ಕೆಟ್ಟಿತು. 65 ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ತೊಂದರೆಯಾಯಿತು. ಸಂಬಳ ಬಂತೋ ಇಲ್ಲವೋ ಗೊತ್ತಾಗದೆ ಜನ ಪರದಾಡಿದರು. 2014ರಲ್ಲಿ ಒಟ್ಟು 5.6 ಕೋಟಿ ಪೌಂಡ್ ದಂಡ ಬಿತ್ತು.

ಕೈಬರಹದ ಕಾಲದಲ್ಲಿ ನಮಗೆ ಗುರುತಿನ ಸಂಖ್ಯೆ ಕೊಡುವವರು ಯಾರೂ ಇರಲಿಲ್ಲ, ಆದರೆ ಒಂಬತ್ತು ಇತ್ತು. ಲೆಕ್ಕದ ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಯಾರೋ ಅಂಕಿ ತಿರುಗಿಸಿ ಬರೆದಿರಬಹುದು ಎಂದು ಮೊದಲು ಅದನ್ನೇ ಹುಡುಕುತ್ತಿದ್ದೆವು. 85 ಬರೆಯುವಲ್ಲಿ 58 ಬರೆದರೆ ವ್ಯತ್ಯಾಸ 27. ಈಗ ನಿಮಗೊಂದು ಕೆಲಸ. ಮನೆಯ ಹಾಲಿನ ಲೆಕ್ಕದಲ್ಲಿ 63 ರೂಪಾಯಿ ವ್ಯತ್ಯಾಸ ಬಂದಿದೆ. ಎರಡಂಕಿಯ ಯಾವ ಯಾವ ಸಂಖ್ಯೆ ತಿರುಗಿರಬಹುದು? ತಾತನ ಜೊತೆ ಕೂತು ಹುಡುಕಿ. ಒಂದಕ್ಕಿಂತ ಹೆಚ್ಚು ಉತ್ತರ ಇದೆ.